ಬೆಟ್ಟಕ್ಕೆ ಬೆಂಕಿ ಬಿದ್ದಾಗ

ಶಿವರಾತ್ರಿಯ ಆಚೀಚೆಯ ದಿನಗಳು. ಯಳಂದೂರಿನಲ್ಲಿಯೋ ಗುಂಬಳ್ಳಿಯಲ್ಲಿಯೋ ಮನೆಯ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳನ್ನು ಒಣಹಾಕಿದ ಗೃಹಿಣಿ ಸಂಜೆ ಅವನ್ನು ತೆಗೆಯಲು ಮೇಲೆ ಹೋಗುತ್ತಾಳೆ. ಹಾಸಿದ ಬಿಳಿಯ ಪಂಚೆಯ ಮೇಲೆ ಅಲ್ಲಲ್ಲಿ ಕರಿಯ ಎಳೆಗಳು ಬಿದ್ದಿರುತ್ತವೆ. ಬೆರಳಿನಿಂದ ಮುಟ್ಟಿದರೆ ಪುಡಿಪುಡಿಯಾಗುತ್ತವೆ. ತಲೆಯೆತ್ತಿ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ಹೊಗೆ. ಕತ್ತಲಾದ ಮೇಲೆ ಅದೇ ಸ್ಥಳದಲ್ಲಿ ಕೆಂಪು ಗೆರೆಯೊಂದು ಹಾರ ಹಾಕಿದಂತೆ ಬಾಗಿ ಬಳುಕಿ ಮೇಲೇರುತ್ತಿರುತ್ತದೆ. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟುವುದುಂಟು. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆ ನಮ್ಮಲ್ಲಿದೆ. ದೂರದ ಬೆಂಕಿಯೂ ಹಾಗೆಯೇ, ಕಣ್ಣಿಗೆ ಬಹಳ ಚೆಂದ. ಹತ್ತಿರ ಹೋದವರಿಗೆ ಮಾತ್ರ ಅದರ ನಿಜರೂಪ ಗೊತ್ತು. ಆ ನಿಜರೂಪವನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಾನು ಕನ್ನಡ ಪಂಡಿತ. ಆದ್ದರಿಂದ ಪದದಿಂದಲೇ ಆರಂಭಿಸಿದರೆ ನೀವು ಬೇಸರಪಡಲಾರಿರಿ. ಕಾಡು ಎಂಬ ಪದಕ್ಕೆ ಕಿಚ್ಚು ಎಂಬ ಪದ ಸೇರಿದರೆ ಕಕಾರಕ್ಕೆ ಗಕಾರ ಆದೇಶವಾಗಿ ‘ಕಾಡುಗಿಚ್ಚು’ ಎಂದಾಗುತ್ತದೆ; ‘ಮಳೆಗಾಲ’ ಆದಂತೆ. ಹಳಗನ್ನಡದಲ್ಲಿ ಇದು ‘ಕಾೞ್ಗಿಚ್ಚು’. ಸಂಸ್ಕೃತದಲ್ಲಿ ದಾವಾಗ್ನಿ, ದಾವಾನಲ. ಅಲ್ಲಿ ‘ದವ’ ಎಂಬ ಒಂದೇ ಶಬ್ದಕ್ಕೆ ಕಾಡು ಎಂದೂ ಅರ್ಥವಿದೆ, ಕಾಡಿನ ಬೆಂಕಿ ಎಂದೂ ಅರ್ಥವಿದೆ. ಕಾಡಿಗೂ ಬೆಂಕಿಗೂ ಅಷ್ಟು ಹಳೆಯ ನಂಟು. ಪಂಪನು ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಖಾಂಡವವನದ ದಹನವನ್ನು ವರ್ಣಿಸಿದ್ದಾನೆ. ಅದನ್ನು ಪಾಠ ಹೇಳುವಾಗ ನಾವು ಅರ್ಜುನನ ಪರಾಕ್ರಮವನ್ನೂ ಅಗ್ನಿಯ ಹಸಿವನ್ನೂ ಕೊಂಡಾಡಿ ಮುಂದೆ ಹೋಗುತ್ತೇವೆ. ಆ ವನದೊಳಗಿದ್ದ ಪ್ರಾಣಿಪಕ್ಷಿಗಳ ಗತಿ ಏನಾಯಿತೆಂದು ಕೇಳುವ ವಿದ್ಯಾರ್ಥಿ ಅಪರೂಪ. ಕೇಳಿದರೆ ಉತ್ತರ ಹೇಳುವ ಮೇಷ್ಟರೂ ಅಪರೂಪ.

ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚಿನ ಮಾತು. ರಾಜಕೀಯವಾಗಿ ಹೀಗೆ ಹಂಚಿಹೋದರೂ ಈ ಮೂರು ಊರುಗಳನ್ನು ಕಾಡು ಒಂದಾಗಿ ಹಿಡಿದಿದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ. 1974ರಲ್ಲಿ ವನ್ಯಧಾಮವಾಗಿ, 1987ರಲ್ಲಿ ವಿಸ್ತಾರಗೊಂಡು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ. 2013ರಲ್ಲಿ ವನ್ಯಧಾಮವೆಂದು ಘೋಷಿತವಾದ ಅದರ ವಿಸ್ತಾರ 900 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಅದಕ್ಕೆ ತಗುಲಿಕೊಂಡೇ ಕಾವೇರಿ ವನ್ಯಧಾಮ. ಕೆಳಗೆ ಮುಳ್ಳುಪೊದೆಗಳ ಕುರುಚಲು ಕಾಡು, ಅದರ ಮೇಲೆ ಮತ್ತಿ, ದಿಂಡಿಗ, ಹೊನ್ನೆ, ಬೀಟೆ, ನೆಲ್ಲಿಗಳ ಎಲೆಯುದುರುವ ಕಾಡು, ಇನ್ನೂ ಮೇಲೆ ಹೋದರೆ ನಿತ್ಯಹಸುರಿನ ಕಾಡು, ಸುಮಾರು 1800 ಮೀಟರ್ ಎತ್ತರದ ಶಿಖರಗಳ ಬಳಿ ಹುಲ್ಲುಗಾವಲು ಮತ್ತು ಅದರ ಮಡಿಲಿನಲ್ಲಿ ಶೋಲಾ ಕಾಡು. ಸುವರ್ಣಾವತಿ ಹೊಳೆಗೂ, ಕೊಳ್ಳೇಗಾಲದ ಗುಂಡಾಲ್ ಜಲಾಶಯಕ್ಕೂ, ಹನೂರಿನ ಉಡುತೊರೆ ಹಳ್ಳಕ್ಕೂ ನೀರು ಬರುವುದು ಈ ಬೆಟ್ಟಗಳಿಂದಲೇ. ಬೆಟ್ಟಕ್ಕೆ ಬಿದ್ದ ಬೆಂಕಿ ನಮ್ಮ ಗದ್ದೆಗೂ ಕೊಡಕ್ಕೂ ಸಂಬಂಧಪಟ್ಟದ್ದೆಂಬುದನ್ನು ಇದರಿಂದ ತಿಳಿಯಬಹುದು.

ಬೆಂಕಿ ಹುಟ್ಟುವುದು ಹೇಗೆ? ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹಾರುತ್ತದೆಂದು ನಾನೂ ಬಹುಕಾಲ ಮಕ್ಕಳಿಗೆ ಹೇಳಿಕೊಟ್ಟವನೇ. ಕಾವ್ಯಗಳಲ್ಲಿ ಅದು ಸಲ್ಲುವ ಮಾತು. ಸಿಡಿಲಿನಿಂದ ಬೆಂಕಿ ಹತ್ತುವುದೂ ಜಗತ್ತಿನ ಅನೇಕ ಕಡೆ ಉಂಟು. ಆದರೆ ನಮ್ಮಲ್ಲಿ ಸಿಡಿಲು ಬರುವುದು ಸಾಮಾನ್ಯವಾಗಿ ಮಳೆಯ ಜೊತೆಯಲ್ಲಿ. ಬೆಂಕಿಯ ಕಾಲವಾದರೋ ಜನವರಿಯಿಂದ ಏಪ್ರಿಲ್‌ವರೆಗಿನ, ಮೋಡವೇ ಕಾಣದ ದಿನಗಳು. ಆಗ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಬಿದ್ದದ್ದು ಎಂದು ಈ ವಿಷಯ ಬಲ್ಲವರೆಲ್ಲ ಹೇಳುತ್ತಾರೆ.

ಆ ಕೈ ಒಂದೇ ಬಗೆಯದಲ್ಲ. ರಸ್ತೆಯಲ್ಲಿ ಹೋಗುವ ವಾಹನದಿಂದ ಆರದ ಬೀಡಿಯ ತುಂಡು ಎಸೆಯುವ ಕೈ ಒಂದು. ಕಾಡಂಚಿನ ಹೊಲದಲ್ಲಿ ಕಬ್ಬಿನ ಸೋಗೆಗೆ ಬೆಂಕಿಯಿಟ್ಟು ಮನೆಗೆ ಹೋಗುವ ಕೈ ಇನ್ನೊಂದು. ಹೊಸ ಹುಲ್ಲು ಬೇಗ ಚಿಗುರಲೆಂದು ಒಣಹುಲ್ಲಿಗೆ ಕಡ್ಡಿ ಗೀರುವ ದನಗಾಹಿಯ ಕೈ, ಜೇನಿಗೆಂದು ಹಿಡಿದ ಪಂಜನ್ನು ನೆಲಕ್ಕೆ ಬೀಳಿಸುವ ಕೈ, ಕಳ್ಳಬೇಟೆಯ ಜಾಡನ್ನು ಮುಚ್ಚುವ ಕೈ, ಇವೂ ಉಂಟು. ಆನೆ ಬಂದು ಬೆಳೆ ತುಳಿದಾಗ ಪರಿಹಾರ ಸಿಗಲಿಲ್ಲವೆಂಬ ಹೊಟ್ಟೆಯುರಿಯನ್ನು ಕಾಡಿನ ಮೇಲೆ ತೀರಿಸಿಕೊಳ್ಳುವ ಕೈಯೂ ಇಲ್ಲದಿಲ್ಲ. ಭಕ್ತಿಯ ಕೈಯನ್ನೂ ಇಲ್ಲಿ ಹೇಳಲೇಬೇಕು. ಶಿವರಾತ್ರಿಗೂ ಯುಗಾದಿಗೂ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ತಾಳಬೆಟ್ಟದಿಂದ ಮೇಲಕ್ಕೆ ದಾರಿಯ ಎರಡು ಮಗ್ಗುಲೂ ಕಾಡು. ಕಾಡು ಅತ್ಯಂತ ಒಣಗಿರುವ ದಿನಗಳೂ ಅವೇ. ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಒಲೆಯನ್ನು ಆರಿಸದೆ ‘ಉಘೇ ಮಾದಪ್ಪ’ ಎಂದು ಎದ್ದು ಹೋದರೆ, ಹುಲಿಯನ್ನೇ ವಾಹನ ಮಾಡಿಕೊಂಡ ಆ ಸ್ವಾಮಿಗೆ ಅದು ಒಪ್ಪಿಗೆಯಾದೀತೆ?

ಇನ್ನು ಹಬ್ಬುವ ಬಗೆ. ಇದನ್ನು ತಿಳಿಯಲು ನಮ್ಮ ಹಳೆಯ ಅಡಿಗೆಯ ಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸೌದೆಯ ಒಲೆ ಹೊತ್ತಿಸಿದವರಿಗೆ ಗೊತ್ತು: ಮೊದಲು ತರಗು, ಆಮೇಲೆ ಪುಳ್ಳೆ, ಕೊನೆಗೆ ಸೌದೆ. ದಪ್ಪ ಕೊರಡಿಗೆ ನೇರವಾಗಿ ಬೆಂಕಿಕಡ್ಡಿ ಹಿಡಿದರೆ ಅದು ಹತ್ತುವುದಿಲ್ಲ. ಹಸಿ ಸೌದೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ಊದುಕೊಳವೆಯಿಂದ ಗಾಳಿ ಕೊಟ್ಟರೆ ಜ್ವಾಲೆ ಏಳುತ್ತದೆ. ಉರುವಲು, ಗಾಳಿ, ಕಾವು ಈ ಮೂರೂ ಕೂಡಿದಾಗ ಬೆಂಕಿ. ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಇಲ್ಲ. ಕಾಡಿನಲ್ಲಿಯೂ ಇದೇ ನ್ಯಾಯ. ಉದುರಿದ ಎಲೆ ಅಲ್ಲಿಯ ತರಗು, ಒಣಹುಲ್ಲು ಮತ್ತು ಪೊದೆ ಅಲ್ಲಿಯ ಪುಳ್ಳೆ, ಮರ ಅಲ್ಲಿಯ ಸೌದೆ. ಹೂ ಬಿಟ್ಟು ಒಮ್ಮೆಗೇ ಸತ್ತ ಬಿದಿರ ಮೆಳೆಯಿದ್ದರಂತೂ ಕೇಳುವುದೇ ಬೇಡ.

ಒಲೆಗೂ ಬೆಟ್ಟಕ್ಕೂ ಒಂದು ವ್ಯತ್ಯಾಸವುಂಟು. ಒಲೆ ನಿಂತಲ್ಲಿ ನಿಂತಿರುತ್ತದೆ, ಬೆಟ್ಟ ಓರೆಯಾಗಿದೆ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ, ತಾನು ತಲುಪುವ ಮೊದಲೇ ಅದನ್ನು ಕಾಯಿಸಿ ಒಣಗಿಸಿಬಿಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆಂದು ಬೆಂಕಿ ನಂದಿಸುವವರ ಲೆಕ್ಕ. ಜೊತೆಗೆ ಮಧ್ಯಾಹ್ನದ ಬಿಸಿಗಾಳಿ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಹೀಗಾಗಿ ಬೆಂಕಿಗಿಂತ ಮೇಲೆ ನಿಂತವನ ಪ್ರಾಣಕ್ಕೆ ಅಪಾಯ. ನೆಲದ ತರಗನ್ನಷ್ಟೇ ಸುಡುವ ಬೆಂಕಿಯನ್ನು ನೆಲಬೆಂಕಿ ಎನ್ನಬಹುದು. ನಮ್ಮ ಕಾಡುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಪೊದೆಯನ್ನೋ ಬಳ್ಳಿಯನ್ನೋ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರಿದರೆ ಅದು ಕೊಂಬೆಬೆಂಕಿ. ಅಲ್ಲಿಂದ ಹಾರಿದ ಕೆಂಡ ಕಣಿವೆಯನ್ನೂ ರಸ್ತೆಯನ್ನೂ ದಾಟಿ ಆಚೆ ಬಿದ್ದು ಹೊಸ ಬೆಂಕಿಗೆ ಬೀಜವಾಗುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಮನೆಗೆ ಹೇಗೆ ಸಲ್ಲದೋ ಕಾಡಿಗೂ ಹಾಗೆಯೇ ಸಲ್ಲದು. ಆದ್ದರಿಂದ ಬೆಂಕಿಯೊಡನೆ ಹೋರಾಟ ಮಾರ್ಗಶಿರ, ಪುಷ್ಯ ಮಾಸಗಳಲ್ಲಿಯೇ ಆರಂಭವಾಗುತ್ತದೆ. ಯಳಂದೂರು, ಕೊಳ್ಳೇಗಾಲ, ಬೈಲೂರು, ಪುಣಜನೂರು, ಕ್ಯಾತೆದೇವರ ಗುಡಿ ಈ ವಲಯಗಳಲ್ಲಿ ರಸ್ತೆಯ ಅಂಚಿನಲ್ಲಿ, ಗಡಿಗಳಲ್ಲಿ ಉದ್ದಕ್ಕೂ ಪಟ್ಟಿ ಹಿಡಿದು ಹುಲ್ಲು ಪೊದೆಗಳನ್ನು ಸವರಿ, ಸವರಿದ್ದನ್ನು ಕಾವಲಿದ್ದು ಸುಟ್ಟು, ನೆಲವನ್ನು ಬರಿದು ಮಾಡುತ್ತಾರೆ. ಇದಕ್ಕೆ ಬೆಂಕಿ ರೇಖೆ ಎಂದು ಹೆಸರು. ಉರುವಲಿಲ್ಲದ ಆ ಪಟ್ಟಿಯ ಬಳಿಗೆ ಬಂದು ಬೆಂಕಿ ನಿಲ್ಲಬೇಕೆಂಬುದು ಉದ್ದೇಶ. ಬೇಸಗೆಗೆಂದು ಊರಿನ, ಪೋಡಿನ ಯುವಕರನ್ನು ಬೆಂಕಿ ಕಾವಲಿಗೆ ನೇಮಿಸಿಕೊಳ್ಳುತ್ತಾರೆ. ಇವರಲ್ಲಿ ಸೋಲಿಗರೇ ಅನೇಕರು. ಪೋಡು ಎಂದರೆ ಸೋಲಿಗರ ಹಾಡಿ.

ಬೆಂಕಿ ಬಿದ್ದೇಬಿಟ್ಟರೆ ಆಯುಧ ಯಾವುದು? ಹಸಿ ಸೊಪ್ಪಿನ ಕೊಂಬೆ. ಇಂದಿಗೂ ಮುಖ್ಯವಾದದ್ದು ಅದೇ. ಹತ್ತು ಹನ್ನೆರಡು ಜನ ಸಾಲಾಗಿ ಬೆಂಕಿಯ ಮಗ್ಗುಲಿನಿಂದ ಬಡಿಯುತ್ತಾ ಹೋಗುತ್ತಾರೆ. ಎದುರಿನಿಂದ ಹೋಗುವಂತಿಲ್ಲ. ಈಚೆಗೆ ತರಗನ್ನು ಊದಿ ದೂರ ಸರಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ಬಂದಿದೆ. ಬಡಿದು ಮುಗಿಯದಷ್ಟು ದೊಡ್ಡ ಬೆಂಕಿಯಾದರೆ ಅದರ ದಾರಿಯಲ್ಲಿ ತಾವೇ ಒಂದು ಬೆಂಕಿ ಹಚ್ಚಿ ಅದರತ್ತ ನಡೆಸುತ್ತಾರೆ. ಎರಡು ಬೆಂಕಿಗಳು ಸಂಧಿಸಿದಾಗ ತಿನ್ನಲು ಏನೂ ಉಳಿಯದೆ ಎರಡೂ ಆರುತ್ತವೆ. ಇದಕ್ಕೆ ಎದುರು ಬೆಂಕಿ ಎನ್ನುತ್ತಾರೆ. ಗಾಳಿಯನ್ನು ಬಲ್ಲವನು ಮಾತ್ರ ಮಾಡಬೇಕಾದ ಕೆಲಸ ಇದು. ಗಾಳಿ ತಿರುಗಿದರೆ ಹಚ್ಚಿದವನನ್ನೇ ಸುಡುತ್ತದೆ. ಆಕಾಶದಿಂದಲೂ ಈಗ ಕಾವಲುಂಟು. ಭೂಮಿಯನ್ನು ಸುತ್ತುವ ಉಪಗ್ರಹಗಳು ನೆಲದ ಕಾವನ್ನು ಕಂಡುಹಿಡಿಯುತ್ತವೆ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಆ ಸುದ್ದಿಯನ್ನು ಅರಣ್ಯ ಇಲಾಖೆಯವರ ಮೊಬೈಲಿಗೆ ಕಳುಹಿಸುತ್ತದೆ. ಸುದ್ದಿ ಆಕಾಶದಿಂದ ಬಂದರೂ ಬೆಟ್ಟವನ್ನು ಕಾಲಿನಿಂದಲೇ ಹತ್ತಬೇಕು.

ಇದರ ಕಷ್ಟವೆಷ್ಟೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿನಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕನೊಬ್ಬ ಜ್ವಾಲೆಯ ನಡುವೆ ಸಿಕ್ಕಿ ಪ್ರಾಣಬಿಟ್ಟ. ಎರಡು ವರ್ಷಗಳ ತರುವಾಯ, 2019ರ ಫೆಬ್ರವರಿ 21ರ ಹೊತ್ತಿಗೆ ಅದೇ ಬಂಡೀಪುರದಲ್ಲಿ ಮತ್ತೆ ಬೆಂಕಿ ಎದ್ದಿತು. ಹಿಂದಿನ ವರ್ಷ ಮಳೆ ಚೆನ್ನಾಗಿ ಬಂದು ಹುಲ್ಲು ಪೊದೆ ಸೊಂಪಾಗಿ ಬೆಳೆದಿದ್ದುವು. ಅವೆಲ್ಲ ಒಣಗಿ ನಿಂತಿದ್ದುವು. ಐದು ದಿನಗಳ ಕಾಲ ಸಾವಿರಾರು ಎಕರೆ ಕಾಡು ಉರಿಯಿತು. ಮೈಸೂರು, ಬೆಂಗಳೂರು ಮೊದಲಾದ ಊರುಗಳಿಂದ ಸ್ವಯಂಸೇವಕರು ಬಂದು ಸೊಪ್ಪು ಹಿಡಿದರು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ಟುಗಳಲ್ಲಿ ನೀರು ತಂದು ಸುರಿದುವು.

ಬೆಂಕಿ ಹೋದ ಮೇಲೆ ಕಾಡು ಏನಾಗುತ್ತದೆ? ಒಂದು ವರ್ಷ ಬೇಸಗೆಯಲ್ಲಿ ಬೆಟ್ಟಕ್ಕೆ ಹೋಗಿದ್ದಾಗ ಸುಟ್ಟ ಇಳಿಜಾರೊಂದನ್ನು ಕಂಡೆ. ಬಿಳಿಗಿರಿ ಅಲ್ಲಿ ಕರಿಗಿರಿಯಾಗಿತ್ತು. ಒಂದು ಹಕ್ಕಿಯ ದನಿ ಇರಲಿಲ್ಲ. ಕಾಲಿಟ್ಟಲ್ಲೆಲ್ಲ ಬೂದಿ ಮೇಲೆದ್ದು ಪಂಚೆಯ ಅಂಚು ಕಪ್ಪಾಯಿತು. ಜಿಂಕೆ, ಕಾಟಿ, ಆನೆಗಳು ಬಹುಮಟ್ಟಿಗೆ ಓಡಿ ಉಳಿದುಕೊಳ್ಳುತ್ತವೆ. ಆಮೆ, ಹಾವು, ಓತಿಕೇತ, ನೆಲದ ಮೇಲೆ ಗೂಡು ಮಾಡುವ ಹಕ್ಕಿಯ ಮೊಟ್ಟೆ, ಇವು ಎಲ್ಲಿಗೆ ಓಡಬೇಕು? ಕಾಜಾಣ ಹಕ್ಕಿಗೆ ಮಾತ್ರ ಅದು ಔತಣ. ಬೆಂಕಿಯ ಅಂಚಿನಲ್ಲಿ ಸುಳಿದಾಡುತ್ತ, ಹೊಗೆಗೆ ಹೆದರಿ ಏಳುವ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ದಪ್ಪ ತೊಗಟೆಯ ಮತ್ತಿ, ಹೊನ್ನೆಗಳು ನೆಲಬೆಂಕಿಯನ್ನು ತಾಳಿಕೊಳ್ಳುತ್ತವೆ. ಮಣ್ಣು ಕಾವನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲವಾದ್ದರಿಂದ ಆಳದ ಬೇರು ಉಳಿದು ಮತ್ತೆ ಚಿಗುರುತ್ತದೆ. ಆದರೆ ಒಂದೆರಡು ಅಡಿಯ ಸಸಿಗಳು ಪ್ರತಿವರ್ಷವೂ ಸುಡುತ್ತ ಹೋದರೆ ಮುಂದಿನ ತಲೆಮಾರಿನ ಮರಗಳು ಬರುವುದೆಲ್ಲಿಂದ? ಶೋಲಾ ಕಾಡಿನ ಮರಗಳಿಗಂತೂ ಬೆಂಕಿಯ ಅಭ್ಯಾಸವೇ ಇಲ್ಲ. ಒಮ್ಮೆ ಒಳಹೊಕ್ಕರೆ ಚೇತರಿಸಿಕೊಳ್ಳಲು ಬಹುಕಾಲ ಬೇಕು. ಹಾಸಿದ್ದ ಎಲೆಯ ಹೊದಿಕೆ ಹೋದ ನೆಲದ ಮೇಲೆ ಮೊದಲ ಜಡಿಮಳೆ ಬಿದ್ದಾಗ ಬೂದಿಯೂ ಮೇಲ್ಮಣ್ಣೂ ಕೊಚ್ಚಿಕೊಂಡು ಹಳ್ಳಕ್ಕಿಳಿಯುತ್ತವೆ. ಹಳ್ಳದಿಂದ ಕೆರೆಗೆ, ಕೆರೆಯ ಹೂಳಿಗೆ. ಮಾಳಿಗೆಯ ಮೇಲಿನ ಕರಿಯ ಎಳೆ ಇದೇ ಕಥೆಯ ಮೊದಲ ಅಕ್ಷರ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಭಾಷಣ ಒಳ್ಳೆಯ ಶಾಲಾಪ್ರಬಂಧವಾಗುತ್ತಿತ್ತು. ಆದರೆ ಒಬ್ಬ ಹುಡುಗನ ಮಾತು ಉಳಿದಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ‘ಕಾಡುಗಿಚ್ಚು’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದೆ. ನಲವತ್ತು ಮಕ್ಕಳೂ ನಾನು ಹೇಳಿಕೊಟ್ಟದ್ದನ್ನೇ ನನಗೆ ಹಿಂದಿರುಗಿಸಿದರು. ಹಾಸ್ಟೆಲಿನಲ್ಲಿದ್ದ ಒಬ್ಬ ಸೋಲಿಗರ ಹುಡುಗ ಮಾತ್ರ ಹೀಗೆ ಬರೆದಿದ್ದ: ‘ನಮ್ಮ ತಾತ ಕಾಡಿಗೆ ಬೆಂಕಿ ಹಾಕುತ್ತಿದ್ದರು. ಆಗ ಕಾಡು ಚೆನ್ನಾಗಿತ್ತು. ಈಗ ಯಾರೂ ಹಾಕಬಾರದು. ಈಗ ಕಾಡು ಚೆನ್ನಾಗಿಲ್ಲ.’ ನಾನು ಕೆಂಪು ಶಾಯಿಯಿಂದ ಅದರ ಕೆಳಗೆ ಗೀಟು ಹಾಕಿ ‘ತಪ್ಪು’ ಎಂದು ಬರೆದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳೆಲ್ಲ ನಕ್ಕರು. ಹುಡುಗ ತಲೆ ತಗ್ಗಿಸಿಕೊಂಡು ಕುಳಿತಿದ್ದ. ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಮುಂದಿನ ವರ್ಷ ಸಂಕ್ರಾಂತಿಯ ಚಿಕ್ಕ ಜಾತ್ರೆಗೆ ಬೆಟ್ಟಕ್ಕೆ ಹೋಗಿದ್ದಾಗ ಆ ಹುಡುಗನೇ ನನ್ನನ್ನು ಕಂಡು, ಕೈಹಿಡಿದು ತನ್ನ ತಾತನ ಬಳಿಗೆ ಕರೆದೊಯ್ದ. ಮುದುಕರು ಜಗಲಿಯ ಮೇಲೆ ಕುಳಿತಿದ್ದರು. ಅವರು ನನ್ನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮೆಲ್ಲಗೆ ಹೇಳಿದರು: ‘ಮೇಷ್ಟ್ರೇ, ನಾವು ಇಕ್ತಿದ್ದುದು ತರಗು ಬೆಂಕಿ. ಇಬ್ಬನಿ ಬೀಳೋ ಕಾಲದಲ್ಲೇ ಇಕ್ಕೋದು. ಮೊಣಕಾಲುದ್ದ ಉರೀತದ, ಬೆಳಗಾಗೋದ್ರಾಗೆ ತಾನೇ ಆರ್ತದ. ವರ್ಷಾ ವರ್ಷಾ ಸಣ್ಣದು ಇಕ್ಕದೇ ಹೋದ್ರೆ ಒಂದ್ಸಲ ದೊಡ್ಡದು ಬತ್ತದ. ಅದು ನಾವು ಹೇಳ್ದಂಗೆ ಕೇಳಾಕಿಲ್ಲ.’

ಮೊಣಕಾಲುದ್ದದ ಆ ಬೆಂಕಿ ಏನು ಮಾಡುತ್ತದೆಂದು ಕೇಳಿದೆ. ಒಣ ತರಗು ಹೋಗುತ್ತದೆ, ಉಣ್ಣೆ ಸಾಯುತ್ತದೆ, ಹುಲ್ಲು ಚಿಗುರುತ್ತದೆ, ಎದುರಿಗೆ ಆನೆ ನಿಂತಿದ್ದರೆ ಕಾಣುತ್ತದೆ, ನೆಲ್ಲಿಮರಕ್ಕೆ ಹತ್ತಿದ ಬದನಿಕೆ ಕಾವಿಗೆ ಒಣಗಿ ಬೀಳುತ್ತದೆ ಎಂದರು. ಬದನಿಕೆ ಎಂದರೆ ಮರದ ಮೇಲೆಯೇ ಬೇರೂರಿ ಅದರ ರಸ ಹೀರುವ ಗಿಡ. ನೆಲ್ಲಿಕಾಯಿ ಸೋಲಿಗರ ಜೀವನಕ್ಕೆ ಆಧಾರವಾದ ಬೆಳೆಗಳಲ್ಲಿ ಒಂದು. ನಾನು ತಲೆಯಾಡಿಸಿದೆನೇ ಹೊರತು ಪೂರ್ತಿ ನಂಬಲಿಲ್ಲ. ಓದಿದವರ ರೋಗ ಅದು.

ಆಮೇಲೆ ಓದಿ ತಿಳಿದುಕೊಂಡೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಬಹುಕಾಲದಿಂದ ಸಂಶೋಧನೆ ನಡೆಸುತ್ತಿರುವ ‘ಏಟ್ರೀ’ ಸಂಸ್ಥೆಯ ವಿಜ್ಞಾನಿಗಳು ಸೋಲಿಗರ ಈ ಮಾತುಗಳನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ನೆಲ್ಲಿಯ ಬದನಿಕೆಗೂ ಬೆಂಕಿಗೂ ಸಂಬಂಧವಿದೆಯೆಂಬ ಸೋಲಿಗರ ತಿಳಿವಳಿಕೆಯನ್ನು ತೆಗೆದುಹಾಕುವಂತಿಲ್ಲವೆಂದು ಅವರಿಗೆ ಕಂಡುಬಂದಿತು. ಇನ್ನೊಂದು ಅಧ್ಯಯನ ಲಾಂಟಾನವನ್ನು ಕುರಿತದ್ದು. ಬೇಲಿಯಲ್ಲಿ ಬಣ್ಣಬಣ್ಣದ ಪುಟ್ಟ ಹೂಗೊಂಚಲು ಬಿಡುವ ಆ ಮುಳ್ಳುಗಿಡ ನಿಮಗೆಲ್ಲ ಗೊತ್ತು. ಅದು ನಮ್ಮದಲ್ಲ, ಅಮೆರಿಕ ಖಂಡದ ಉಷ್ಣವಲಯದ್ದು. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬೆಟ್ಟದ ಕಾಡಿನಲ್ಲಿ ಗುರುತು ಹಾಕಿದ ತುಂಡುಗಳನ್ನು 1997ರಲ್ಲಿ ಪರೀಕ್ಷಿಸಿದಾಗ ನೂರಕ್ಕೆ 41ರಲ್ಲಿ ಲಾಂಟಾನವಿತ್ತು. 2008ರಲ್ಲಿ ನೂರಕ್ಕೆ 81ರಲ್ಲಿತ್ತು. ಹನ್ನೊಂದು ವರ್ಷಗಳಲ್ಲಿ ಇಮ್ಮಡಿ. ತರಗು ಬೆಂಕಿ ನಿಂತದ್ದೇ ಇದಕ್ಕೆ ದೊಡ್ಡ ಕಾರಣವೆಂಬುದು ಸೋಲಿಗರ ಅಭಿಪ್ರಾಯ. ಎಳೆಯ ಲಾಂಟಾನ ಸಣ್ಣ ಬೆಂಕಿಗೆ ಸಾಯುತ್ತಿತ್ತು. ಬೆಳೆದು ಪೊದೆಯಾದ ಮೇಲೆ ಅದೇ ಬೆಂಕಿಯನ್ನು ಮರದ ನೆತ್ತಿಗೇರಿಸುವ ಏಣಿಯಾಗುತ್ತದೆ. ಬೇರು ಉಳಿದಿದ್ದರೆ ಸುಟ್ಟ ಮೇಲೂ ಚಿಗುರುತ್ತದೆ. ಆದ್ದರಿಂದ ಇಂದು ಆ ಕಾಡಿಗೆ ಹೋಗಿ ಬೆಂಕಿಯಿಟ್ಟರೆ ಹಳೆಯ ಕಾಡು ಹಿಂದಿರುಗುವುದಿಲ್ಲ. ಮೊದಲು ಲಾಂಟಾನವನ್ನು ಕಿತ್ತು ತೆಗೆಯಬೇಕು. ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ಸುಲಿದು, ಬಾಗಿಸಿ ಕುರ್ಚಿ ಮೇಜುಗಳನ್ನು ಮಾಡುತ್ತಿದ್ದಾರೆ. ಶತ್ರುವನ್ನು ಮನೆಯ ಜಗಲಿಯಲ್ಲಿ ಕೂರಿಸುವ ಒಳ್ಳೆಯ ಉಪಾಯ ಇದು.

ಕಾನೂನು ಏನೆನ್ನುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಧಾಮಕ್ಕೆ ಬೆಂಕಿಯಿಡುವುದು, ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಹಚ್ಚಿದ್ದನ್ನು ಆರಿಸದೆ ಬಿಡುವುದು ಇವೆಲ್ಲ ನಿಷಿದ್ಧ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ನಿವಾಸಿಗಳಿಗೆ ತಮ್ಮ ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಕೊಟ್ಟಿತು. ಅದರಂತೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಕಾಪಾಡುವ ಹಕ್ಕುಳ್ಳವನ ಅನುಭವದಲ್ಲಿ ಸಣ್ಣ ಬೆಂಕಿಯೂ ಕಾಪಾಡುವ ಒಂದು ಬಗೆ. ಕಾನೂನಿನ ದೃಷ್ಟಿಯಲ್ಲಿ ಎಲ್ಲ ಬೆಂಕಿಯೂ ಬೆಂಕಿಯೇ. ಈ ಗಂಟು ಇನ್ನೂ ಬಿಡಿಸಿಕೊಂಡಿಲ್ಲ. ದೂರದ ಆಸ್ಟ್ರೇಲಿಯದಲ್ಲಿ 2019-20ರ ಬೇಸಗೆಯಲ್ಲಿ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲ ಉರಿದುಹೋದಾಗ, ಅಲ್ಲಿಯ ಮೂಲನಿವಾಸಿಗಳು ತಂಪು ಹೊತ್ತಿನಲ್ಲಿ ಇಡುತ್ತಿದ್ದ ಸಣ್ಣ ಬೆಂಕಿಯ ಮಾತು ಅಲ್ಲಿಯೂ ಬಂತು. ಆ ವಿದ್ಯೆಯನ್ನು ಬಲ್ಲವರನ್ನು ಕರೆದು ಕೇಳಬೇಕೆಂದು ಹೇಳುವವರು ಅಲ್ಲಿ ಹೆಚ್ಚಾಗಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನಿಂದ ಅಪರಾಧವಾಗುತ್ತದೆ. ಸಣ್ಣ ಬೆಂಕಿ ಒಳ್ಳೆಯದಂತೆ ಎಂದು ಯಾರೂ ಜೇಬಿನಿಂದ ಬೆಂಕಿಪೊಟ್ಟಣ ತೆಗೆಯಬಾರದು. ಸೋಲಿಗರ ಬೆಂಕಿ ಕಾಲವನ್ನೂ ಗಾಳಿಯನ್ನೂ ನೆಲವನ್ನೂ ತಲೆಮಾರುಗಳಿಂದ ಬಲ್ಲವರ ಬೆಂಕಿಯಾಗಿತ್ತು. ನಮ್ಮ ನಿಮ್ಮದು ಫೆಬ್ರವರಿಯ ನಡುಹಗಲಿನ, ತಿಳಿಗೇಡಿಯ ಬೆಂಕಿ. ವೈದ್ಯನ ಕೈಯ ಚೂರಿಯನ್ನೂ ಕಳ್ಳನ ಕೈಯ ಚೂರಿಯನ್ನೂ ಒಂದೇ ಎನ್ನಲಾಗದು. ಹಾಗೆಂದು ವೈದ್ಯನಲ್ಲದವನು ಚೂರಿ ಹಿಡಿಯಲೂ ಆಗದು. ಯಾವ ಬೆಂಕಿ, ಎಲ್ಲಿ, ಯಾವಾಗ ಎಂಬುದನ್ನು ಸೋಲಿಗ ಹಿರಿಯರೂ ಅರಣ್ಯ ಇಲಾಖೆಯೂ ವಿಜ್ಞಾನಿಗಳೂ ಒಂದೆಡೆ ಕುಳಿತು ತೀರ್ಮಾನಿಸಬೇಕು. ಆ ಹಿರಿಯರು ಬಹುಕಾಲ ಇರುವವರಲ್ಲ. ಅವರೊಡನೆ ಹೋಗುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ.

ಪಟ್ಟಣದಲ್ಲಿರುವ ನಾವು ಮಾಡಬಹುದಾದದ್ದೂ ಉಂಟು. ಬೆಟ್ಟದ ರಸ್ತೆಯಲ್ಲಿ ಹೋಗುವಾಗ ಬೀಡಿ ಸಿಗರೇಟು ಬೇಡ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಕಾಡಿನಲ್ಲಿ ಒಲೆ ಹೂಡದೆ ಬುತ್ತಿ ಕಟ್ಟಿಕೊಂಡು ಹೋಗಲಿ. ರೊಟ್ಟಿ, ಚಟ್ನಿಪುಡಿ, ಪುಳಿಯೋಗರೆ ಎರಡು ದಿನ ಕೆಡುವುದಿಲ್ಲ. ಹೊಲ ಕಾಡಂಚಿನಲ್ಲಿದ್ದರೆ ಸೋಗೆಯನ್ನು ಸುಡದೆ ಮಣ್ಣಿಗೆ ಸೇರಿಸಲಿ. ಹೊಗೆ ಕಂಡ ಕೂಡಲೆ ಅರಣ್ಯ ಇಲಾಖೆಯ 1926 ಸಂಖ್ಯೆಗಾಗಲಿ 112ಕ್ಕಾಗಲಿ ತಿಳಿಸಲಿ. ‘ಯಾರಾದರೂ ಹೇಳಿಯಾರು’ ಎಂದು ಸುಮ್ಮನಿರುವುದು ಬೇಡ. ಬೇಸಗೆಯ ನಾಲ್ಕು ತಿಂಗಳು ಕೂಲಿಗೆ ದುಡಿಯುವ ಆ ಬೆಂಕಿ ಕಾವಲಿನ ಹುಡುಗರಿಗೆ ಗಟ್ಟಿ ಬೂಟು, ನೀರು, ಹೊತ್ತಿಗೆ ಸರಿಯಾಗಿ ಸಂಬಳ ಇವು ಸಿಕ್ಕುತ್ತಿವೆಯೇ ಎಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದೂ ನಮ್ಮ ಕರ್ತವ್ಯವೇ.

ನನ್ನ ಆ ವಿದ್ಯಾರ್ಥಿ ಈಗ ಮೂವತ್ತು ದಾಟಿದವನು. ಪ್ರತಿ ಬೇಸಗೆಯೂ ಬೆಂಕಿ ಕಾವಲಿಗೆ ಹೋಗುತ್ತಾನೆ. ಹೋದ ವರ್ಷ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಹುಬ್ಬಿನ ಕೂದಲು ಅರ್ಧ ಸುಟ್ಟಿತ್ತು. ‘ತಾತ ಹೇಗಿದ್ದಾರಪ್ಪ?’ ಎಂದೆ. ‘ಹೋಗ್ಬುಟ್ರು ಸಾ’ ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಬಹಳ ದಿನಗಳಿಂದ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ: ‘ನೀನು ಅಂದು ಬರೆದದ್ದು ಸರಿ. ತಪ್ಪು ಬರೆದವನು ನಾನು.’ ಅವನು ನಕ್ಕು, ‘ಅದನ್ನ ಇನ್ನೂ ಜ್ಞಾಪಕ ಮಡಗಿದ್ದೀರಾ ಸಾ’ ಎಂದು ನನ್ನ ಕೈಚೀಲವನ್ನು ಎತ್ತಿ ಬಸ್ಸಿನೊಳಗೆ ಇಟ್ಟುಕೊಟ್ಟ.

ಆ ಪ್ರಬಂಧದ ಪುಸ್ತಕ ಎಲ್ಲಿ ಹೋಯಿತೋ ಕಾಣೆ. ಸಿಕ್ಕಿದ್ದರೆ ಆ ಕೆಂಪು ಗೀಟನ್ನು ನನ್ನ ಕೈಯಿಂದಲೇ ಅಳಿಸುತ್ತಿದ್ದೆ. ಅದಾಗದ ಕಾರಣ ಇಂದು ನಿಮ್ಮೆಲ್ಲರ ಮುಂದೆ ಹೇಳಿ ಅಳಿಸಿಕೊಂಡಿದ್ದೇನೆ. ಈ ಬೇಸಗೆಯಲ್ಲಿ ಬೆಟ್ಟದ ಮೇಲೆ ಕೆಂಪು ಗೆರೆ ಕಂಡಾಗ, ಅದರ ಪಕ್ಕದಲ್ಲಿ ಹಸಿ ಸೊಪ್ಪು ಹಿಡಿದು ನಿಂತಿರುವವರನ್ನು ನೀವು ಒಂದು ಗಳಿಗೆ ನೆನೆದರೆ ನನ್ನ ಮಾತು ಸಾರ್ಥಕ.